ಕಹೋಲವೆ: ಬಾಂಬಿಗೆ ಗುರಿಯಾಗಿದ್ದ ಪುಣ್ಯಭೂಮಿ

ಹವಾಯಿಯೆಂದೊಡನೆ ತೆಂಗಿನ ಸಾಲುಗಳೂ ಪ್ರವಾಸಿಗಳ ವಿಲಾಸವೂ ನಮ್ಮ ಮನಸ್ಸಿಗೆ ಬರುವುದು ಸಹಜ. ಅದೇ ದ್ವೀಪಸಮೂಹದಲ್ಲಿ, ಮಾವಿ ದ್ವೀಪದ ನೈಋತ್ಯಕ್ಕೆ ಏಳು ಮೈಲಿ ದೂರದಲ್ಲಿರುವ ಕಹೋಲವೆಯಲ್ಲಿ ಇವಾವುವೂ ಇಲ್ಲ. ವಿಸ್ತಾರ ಸುಮಾರು 45 ಚದರ ಮೈಲಿ. ಮಳೆಯ ಮೋಡಗಳನ್ನು ಮಾವಿಯ ಹಲೆಯಕಲ ಪರ್ವತವೇ ತಡೆದುಕೊಳ್ಳುವುದರಿಂದ ನೀರಿಗೆ ಬಡತನ. ಆದರೂ ಅಲ್ಲಿನ ಮೂಲನಿವಾಸಿಗಳಿಗೆ ಅದು ಸಮುದ್ರಾಧಿದೇವತೆಯಾದ ಕನಲೋವನ ಕ್ಷೇತ್ರ. ಅವರ ಪೂರ್ವಿಕರು ನೌಕಾಯಾನವನ್ನು ಕಲಿತ ಸ್ಥಳ. ಬಾಚಿಗಳಿಗೆ ಕಲ್ಲನ್ನು ಒದಗಿಸಿದ ಗಣಿ.

ಮೊದಲನೆಯ ಕೇಡು ಬಂದುದು ಮೇವಿನ ನೆವದಲ್ಲಿ. 1858ರಿಂದ ದ್ವೀಪವನ್ನು ಪಶುಪಾಲನೆಗೆ ಗುತ್ತಿಗೆ ಕೊಡಲಾಯಿತು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆ ಅಲ್ಲಿ ಅಕ್ಷರಶಃ ನಿಜವಾಯಿತು. ಹಸಿರು ಹೋಯಿತು, ಅದರ ಹಿಂದೆಯೇ ಕೆಂಪುಮಣ್ಣು ಗಾಳಿಗೆ ಸಿಕ್ಕಿ ಸಮುದ್ರದ ಪಾಲಾಯಿತು.

1941ರ ಡಿಸೆಂಬರಿನಲ್ಲಿ ಯುದ್ಧವು ಪರ್ಲ್ ಹಾರ್ಬರನ್ನು ಮುಟ್ಟಿದೊಡನೆ, ದ್ವೀಪವು ಅಮೆರಿಕದ ಸೈನ್ಯದ ಬಾಂಬು ಅಭ್ಯಾಸಕ್ಕೆ ಗುರಿಯಾಯಿತು. ಯುದ್ಧ ಮುಗಿದರೂ ಗುರಿ ತಪ್ಪಲಿಲ್ಲ. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರರು ಅದನ್ನು ನೌಕಾದಳಕ್ಕೆ ಒಪ್ಪಿಸಿದರು; ಬೇಡವಾದಾಗ ಜನವಾಸಕ್ಕೆ ಅಪಾಯವಿಲ್ಲದಂತೆ ಶುದ್ಧಿ ಮಾಡಿ ಹಿಂದಿರುಗಿಸಬೇಕೆಂಬ ನಿಬಂಧನೆ ಆ ಆಜ್ಞೆಯಲ್ಲಿಯೇ ಇದ್ದಿತು. 1965ರಲ್ಲಿ ತಲಾ 500 ಟನ್ನು ಸಿಡಿಮದ್ದನ್ನು ತೀರದಲ್ಲಿ ಹೊತ್ತಿಸಿ, ಹಡಗುಗಳು ಆ ಆಘಾತವನ್ನು ತಾಳುವುವೇ ಎಂದು ಪರೀಕ್ಷಿಸಿದರು. ಅದರ ಕುಳಿ ಇಂದಿಗೂ ಇದೆ.

1976ರ ಜನವರಿಯಲ್ಲಿ ಒಂಬತ್ತು ಮಂದಿ ಅಪ್ಪಣೆಯಿಲ್ಲದೆ ದಡವನ್ನೇರಿದರು. ಮೊಕದ್ದಮೆ ಹೂಡಿದರು, ಸೆರೆ ಸೇರಿದರು. ಅವರ ಮುಂದಾಳುಗಳಲ್ಲೊಬ್ಬನಾದ ಗಾಯಕ ಜಾರ್ಜ್ ಹೆಲ್ಮ್, ಸಂಗಡಿಗ ಕೀಮೋ ಮಿಚೆಲ್, ಇಬ್ಬರೂ 1977ರ ಮಾರ್ಚಿಯಲ್ಲಿ ಆ ಕಡಲಿನಲ್ಲಿಯೇ ಕಣ್ಮರೆಯಾದರು. 1981ರಲ್ಲಿ ಇಡೀ ದ್ವೀಪವು ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ವಿಚಿತ್ರವೆಂದರೆ, ಪಟ್ಟಿಗೆ ಸೇರಿಸಿದ ಸರ್ಕಾರವೇ ಅದರ ಮೇಲೆ ಬಾಂಬು ಹಾಕುವುದನ್ನು ನಿಲ್ಲಿಸಿದ್ದು 1990ರಲ್ಲಿ.

ಪ್ರಾಚೀನ ವಸ್ತುವೆಂದು ಪಾಳುಗುಡಿಗೆ ಬೇಲಿ ಹಾಕಿ ಕಾಯುವುದೊಂದು ಬಗೆ. ಅಲ್ಲಿ ಪೂಜೆ ನಡೆಯಲೆಂದು ಕಾಯುವುದು ಇನ್ನೊಂದು. ಹೋರಾಡಿದವರು ಕೇಳಿದುದು ಎರಡನೆಯದನ್ನು. 1993ರ ಹವಾಯಿ ಶಾಸನವು ಅದನ್ನೇ ಕೊಟ್ಟಿತೆಂಬುದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ: ದ್ವೀಪವು ಶಾಶ್ವತವಾಗಿ ಮೂಲನಿವಾಸಿಗಳ ಧರ್ಮ, ಸಂಸ್ಕೃತಿ, ಜೀವನೋಪಾಯಗಳಿಗೆ ಮೀಸಲು, ವ್ಯಾಪಾರಕ್ಕೆ ಎಡೆಯಿಲ್ಲ. 1994ರಲ್ಲಿ ಹಕ್ಕು ಹವಾಯಿ ಸಂಸ್ಥಾನಕ್ಕೆ ಬಂದಿತು. 2003ರಲ್ಲಿ ಪ್ರವೇಶದ ಅಧಿಕಾರವೂ ಬಂದಿತು.

ಶುದ್ಧಿ ಮಾತ್ರ ಪೂರ್ಣವಾಗಲಿಲ್ಲ. ಸುಮಾರು 40 ಕೋಟಿ ಡಾಲರು ವೆಚ್ಚವಾದರೂ ನೆಲದ ಕಾಲುಭಾಗವನ್ನು ಮುಟ್ಟಿಯೇ ಇಲ್ಲ. ನಾಲ್ಕಡಿ ಆಳದವರೆಗೆ ಶೋಧಿಸಿದ್ದು ಹತ್ತನೆಯ ಒಂದು ಪಾಲು ಮಾತ್ರ. ಸ್ವಯಂಸೇವಕರು ಅಲ್ಲಿಯ ಹಳೆಯ ಗಿಡಗಳನ್ನು ಮತ್ತೆ ನೆಡುತ್ತಿದ್ದಾರೆ. ಆದರೆ ಕಂಡಕಂಡಲ್ಲಿ ಗುದ್ದಲಿ ಹಾಕುವಂತಿಲ್ಲ.