ತೂಬಿನ ಲೆಕ್ಕ ಬಲ್ಲವರಿಗೆ ಮುಚ್ಚಿದ ಬಾಗಿಲು

ಹಳೇ ಮೈಸೂರಿನ ಕೆರೆಗಳನ್ನು ಕಟ್ಟಿದ ಇಂಜಿನಿಯರುಗಳು ಯಾರು? ಶಾಸನದ ಕಲ್ಲಿನಲ್ಲಿ ಕಟ್ಟಿಸಿದವರ ಹೆಸರಿದೆ. ಮಣ್ಣು ಅಗೆದು ಏರಿ ಹಾಕಿದ ಒಡ್ಡರ ಹೆಸರಿಲ್ಲ. ಕಪಿಲೆ ಬಾವಿಗೆ ತೊಗಲಿನ ಚೀಲ ಹೊಲಿದ ಮಾದಿಗನ ಹೆಸರಿಲ್ಲ. ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಲೆಕ್ಕ ಹಾಕುತ್ತಿದ್ದ ನೀರುಗಂಟಿ ಎಷ್ಟೋ ಊರುಗಳಲ್ಲಿ ಹೊಲಗೇರಿಯವನು. ಮಳೆ, ಮಣ್ಣು, ಇಳಿಜಾರು ಎಲ್ಲಾ ಅವನಿಗೆ ಗೊತ್ತು. ಊರಿನ ಗದ್ದೆಗಳಿಗೆ ಅವನೇ ನೀರು ಬಿಡಬೇಕು. ಊರ ಬಾವಿಯ ನೀರು ಮಾತ್ರ ಮುಟ್ಟುವ ಹಾಗಿಲ್ಲ. ಈ ವಿದ್ಯೆಗೆ ಯಾರೂ ವಿದ್ಯೆ ಅಂತ ಹೆಸರಿಡಲಿಲ್ಲ. ಅದು ಚಾಕರಿ ಅನ್ನಿಸಿಕೊಂಡಿತು.

ಬ್ರಿಟಿಷರು 1794ರಲ್ಲಿ ಮದರಾಸಿನಲ್ಲಿ ಸರ್ವೆ ಶಾಲೆ ತೆರೆದರು. ಅದೇ ಮುಂದೆ ಗಿಂಡಿ ಕಾಲೇಜಾಯಿತು. 1847ರಲ್ಲಿ ಗಂಗಾ ಕಾಲುವೆಯ ಕೆಲಸಕ್ಕೆಂದು ರೂರ್ಕಿ ಕಾಲೇಜು ಬಂತು. ಕಂಪನಿಗೆ ಬೇಕಾಗಿದ್ದು ಕಂದಾಯಕ್ಕೆ ಭೂಮಿ ಅಳೆಯುವವರು, ಕಾಲುವೆಗೆ ಮೇಸ್ತ್ರಿಗಿರಿ ಮಾಡುವವರು. ತಲೆಕೆಲಸ ಮೇಲು, ಕೈಕೆಲಸ ಕೀಳು ಅನ್ನುವ ಪಾಠ ಜಾತಿಗೆ ಹೊಸದೇನಲ್ಲ. ತಲೆಮಾರುಗಳಿಂದ ಅಕ್ಷರ ಹಿಡಿದವರು ಇಂಗ್ಲಿಷ್ ಕಲಿತು ನಕ್ಷೆ ಹಿಡಿದರು. ಕಸುಬು ಬಲ್ಲವರು ಕೂಲಿಗಳಾದರು.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಸುಣ್ಣಕ್ಕೆ ಸುಟ್ಟ ಮಣ್ಣಿನ ಪುಡಿ ಬೆರೆಸಿ ಸುರ್ಕಿ ಗಾರೆ ಅರೆದವರು, ಕಲ್ಲು ಹೊತ್ತವರು ಸಾವಿರಾರು ಜನ. 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಮಾರನೇ ವರ್ಷವೇ ಮಿಲ್ಲರ್ ಸಮಿತಿ ನೇಮಕವಾಗಿ, ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲಿನ ಪ್ರಶ್ನೆ ಎದ್ದಿತು. ಅದೇ 1918ರಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಈ ವಿಚಾರದಲ್ಲಿ ಅವರಿಗಿದ್ದ ಭಿನ್ನಾಭಿಪ್ರಾಯ ಗುಟ್ಟೇನಲ್ಲ. ಕಟ್ಟೆಗೆ ಎಲ್ಲರ ಬೆನ್ನು ಬೇಕು, ಬೆಂಚಿಗೆ ಕೆಲವರೇ ಸಾಕು!

ಸ್ವಾತಂತ್ರ್ಯ ಬಂದಮೇಲೂ ಜಗಳ ಇದೇ ಬಾಗಿಲಲ್ಲಿ ನಡೆಯಿತು. ಮದರಾಸಿನ ಕಮ್ಯುನಲ್ ಜಿ.ಓ. ವಿರುದ್ಧ ನ್ಯಾಯಾಲಯಕ್ಕೆ ಹೋದವರಲ್ಲಿ ಒಬ್ಬರು ಕೇಳಿದ್ದು ಇಂಜಿನಿಯರಿಂಗ್ ಸೀಟು. 1951ರಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದು ಮಾಡಿತು. ಅದೇ ವರ್ಷ ಸಂವಿಧಾನಕ್ಕೆ 15(4) ಸೇರಿತು. ಮೈಸೂರು ಸರ್ಕಾರ ಇಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಶೇ. 68 ಮೀಸಲಿಟ್ಟಾಗ, 1962ರ ಬಾಲಾಜಿ ತೀರ್ಪು ಅದನ್ನೂ ಹೊಡೆದುಹಾಕಿತು. ‘ಅರ್ಹತೆ’ ಅನ್ನುವ ಮಾತು ಅಂದಿನಿಂದ ಇಂದಿನವರೆಗೂ ನಮ್ಮ ಹುಡುಗರ ಬೆನ್ನು ಬಿಟ್ಟಿಲ್ಲ.

ಸೀಟು ಸಿಕ್ಕರೆ ಅರ್ಧ ಗೆದ್ದಂತೆ. ಉಳಿದರ್ಧ ಕರಿಹಲಗೆಯ ಮೇಲಿದೆ. ಅಲ್ಲಿ ಯಾರ ಬದುಕಿನ ಲೆಕ್ಕ ಬಿಡಿಸುತ್ತಾರೆ?

1974ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ರೆಡ್ಡಿ ಮತ್ತು ಗೆಳೆಯರು ‘ಅಸ್ತ್ರ’ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಹೋಗಿ ಒಲೆಯ ಮುಂದೆ ಕೂತರು. ಹೆಂಗಸರ ಕಣ್ಣಿನ ಹೊಗೆ ವಿಜ್ಞಾನದ ಪ್ರಶ್ನೆಯಾಯಿತು. ‘ಅಸ್ತ್ರ ಒಲೆ’ ಹುಟ್ಟಿತು. ಅದೇ ಸೀಮೆಯ ಪುರ ಗ್ರಾಮದಲ್ಲಿ ಅಡುಗೆಗೆ ಸಗಣಿ ಅನಿಲ ಕೊಡಲು ಹೊರಟರು. ಎಲ್ಲರ ಒಲೆಗೆ ಸಾಕಾಗುವಷ್ಟು ಸಗಣಿ ಊರಲ್ಲಿರಲಿಲ್ಲ. ಆಗ ಲೆಕ್ಕ ಬದಲಿಸಿ, ಅದೇ ಅನಿಲದಿಂದ ಇಂಜಿನ್ ಓಡಿಸಿ, ಮನೆಗಳಿಗೆ ದೀಪ, ನಲ್ಲಿ ನೀರು ಕೊಟ್ಟರು. ಜನರ ಮುಂದೆ ಸೋತ ವಿನ್ಯಾಸವನ್ನು ಜನರ ಜೊತೆಗೇ ತಿದ್ದುವುದು ಯಾವ ಪಠ್ಯಕ್ಕೂ ಕಡಿಮೆಯಾದ ಪಾಠವಲ್ಲ. 1972ರಲ್ಲಿ ಶುರುವಾದ ರಾಜಸ್ಥಾನದ ತಿಲೋನಿಯಾ ಸಂಸ್ಥೆ ಇನ್ನೂ ಮುಂದೆ ಹೋಯಿತು. ಓದು ಬಾರದ ಹಳ್ಳಿ ಹೆಂಗಸರು ತಂತಿಗಳ ಬಣ್ಣ ನೋಡಿ, ಕೈಯಿಂದ ಕಲಿತು, ಸೌರ ದೀಪ ಜೋಡಿಸಿದರು.

ಆದರೆ ಕೇರಿಯ ಪ್ರಶ್ನೆ ಬೇರೆಯೂ ಇದೆ. 1970ರ ದಶಕದಲ್ಲಿ ನಮ್ಮಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಲು ಮುಂದಾದವರು ಮಂತ್ರಿ ಬಿ. ಬಸವಲಿಂಗಪ್ಪ. ಯಾವ ಇಂಜಿನಿಯರಿಂಗ್ ಕಾಲೇಜೂ ಅಲ್ಲ. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು. ಗುಂಡಿಯ ಸಾವು ನಿಂತಿಲ್ಲ. ಕೇರಳದ ಕೆಲವು ಯುವ ಇಂಜಿನಿಯರುಗಳು ಗುಂಡಿ ಸ್ವಚ್ಛ ಮಾಡುವ ಯಂತ್ರ ತಂದದ್ದು 2018ರಲ್ಲಿ. ಸೇತುವೆ ಕಲಿಸಿದ ಕಾಲೇಜುಗಳು ಮೋರಿಯನ್ನು ಯಾಕೆ ಮರೆತವು? ಮೋರಿಗೆ ಇಳಿಯುವವರ ಮನೆಯಿಂದ ಮೇಷ್ಟ್ರು ಬಂದಿರಲಿಲ್ಲ, ಅದಕ್ಕೆ.

2021ರಲ್ಲಿ ಕನ್ನಡದಲ್ಲೂ ಇಂಜಿನಿಯರಿಂಗ್ ಕಲಿಸಲು ಅನುಮತಿ ಸಿಕ್ಕಿತು. ಭಾಷೆ ಬದಲಾದರೆ ಸಾಲದು. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಹುಡುಗರನ್ನು ಕೆರೆ ಏರಿಗೆ ಕರೆದೊಯ್ಯಿರಿ. ಹಳೆಯ ನೀರುಗಂಟಿ ಸಿಕ್ಕರೆ ಪಾಠ ಅವನೇ ಮಾಡಲಿ. ಕಾಲೇಜಿನ ಗೆಳೆಯರೇ, ನಿಮ್ಮ ಪ್ರಾಜೆಕ್ಟಿಗೆ ವಿಷಯ ಬೇಕಿದ್ದರೆ ಕೇರಿಯ ನಲ್ಲಿ ಇದೆ, ಅಪ್ಪನ ಚಮ್ಮಾರಿಕೆಯ ಉಳಿ ಇದೆ, ಮೋರಿಯ ಗುಂಡಿ ಇದೆ. ಆ ಲೆಕ್ಕವನ್ನು ನಾವೇ ಬಿಡಿಸಬೇಕು.