ಭೂದೃಶ್ಯ ಚಿತ್ರಕಲೆ: ಹಿನ್ನೆಲೆಯಿಂದ ಮುನ್ನೆಲೆಗೆ ಬಂದ ನೆಲ

ಬೆಟ್ಟ, ಬಯಲು, ನದಿ, ಕಡಲು, ಕಾಡು, ಹೊಲ, ಆಕಾಶ ಮುಂತಾದುವನ್ನೇ ಮುಖ್ಯ ವಸ್ತುವನ್ನಾಗಿ ಮಾಡಿಕೊಂಡ ಚಿತ್ರಪ್ರಕಾರವನ್ನು ಭೂದೃಶ್ಯ ಚಿತ್ರಕಲೆ ಎಂದು ಕರೆಯುತ್ತೇವೆ. ನಿಸರ್ಗಚಿತ್ರ, ಪ್ರಕೃತಿಚಿತ್ರ ಎಂಬ ಹೆಸರುಗಳೂ ಕನ್ನಡದಲ್ಲಿ ಬಳಕೆಯಲ್ಲಿವೆ. ಇಂತಹ ಚಿತ್ರಗಳಲ್ಲಿ ಮನುಷ್ಯರು ಇರಬಹುದು, ಇಲ್ಲದಿರಲೂಬಹುದು. ಇದ್ದರೂ ಕಥೆಯ ನಾಯಕರಾಗಿ ಅಲ್ಲ, ಆ ನೆಲದ ಒಂದು ಅಂಗವಾಗಿ ಇರುತ್ತಾರೆ. ಇಂದು ಶಾಲಾ ಬಾಲಕರೂ ಸೂರ್ಯೋದಯ, ತೆಂಗಿನ ಮರ, ಹೊಳೆಗಳನ್ನು ಬರೆದು ಚಿತ್ರಕಲೆಯ ಓನಾಮ ಕಲಿಯುತ್ತಾರೆ. ಆದರೆ ನೆಲವೇ ಚಿತ್ರದ ವಸ್ತುವಾಗಬಹುದೆಂಬ ಮಾತು ಜಗತ್ತಿನ ಬಹುಭಾಗದಲ್ಲಿ ಬಹಳ ತಡವಾಗಿ ಮನ್ನಣೆ ಪಡೆಯಿತು.

ಈ ಪ್ರಕಾರದ ಇತಿಹಾಸವನ್ನು ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಓದಬಹುದು. ದೇವತೆಗಳ, ಅರಸರ ಹಿಂದೆ ತೆರೆಯಂತಿದ್ದ ನೆಲ ಎಂದು ತಾನೇ ವಿಷಯವಾಯಿತು ಎಂಬುದು ಮೊದಲನೆಯದು. ಆ ನೆಲವನ್ನು ನೋಡಿ ಬರೆದವರು ಅಲ್ಲಿ ಬಾಳಿದವರೋ, ಹಾದುಹೋದವರೋ, ಗೆಲ್ಲಲು ಬಂದವರೋ ಎಂಬುದು ಎರಡನೆಯದು. ಎರಡನೆಯ ಪ್ರಶ್ನೆ ಗಡಿನಾಡಿನ ಓದುಗರಿಗೆ ದೂರದ್ದಲ್ಲ. ನಮ್ಮ ಊರುಗಳ ಕೆಲವು ಹಳೆಯ ಮುದ್ರಿತ ಭೂದೃಶ್ಯಗಳು ಯುದ್ಧ ಮತ್ತು ಗಡಿರೇಖೆಗಳ ಬದಲಾವಣೆಯ ನಡುವೆಯೇ ಹುಟ್ಟಿದಂಥವು.

ಪದದ ಮೂಲ

ಇಂಗ್ಲಿಷಿನ ‘ಲ್ಯಾಂಡ್‌ಸ್ಕೇಪ್’ ಎಂಬ ಪದ ಡಚ್ ಭಾಷೆಯ ‘ಲಾಂಡ್‌ಸ್ಖಾಪ್’ನಿಂದ ಬಂದದ್ದು. ಮೂಲದಲ್ಲಿ ಅದಕ್ಕೆ ಸುಂದರ ನೋಟವೆಂಬ ಅರ್ಥವಿರಲಿಲ್ಲ. ಒಂದು ಸೀಮೆ, ಒಂದು ನಾಡು ಎಂಬ ಅರ್ಥವಿತ್ತು. ಚಿತ್ರಕಾರರ ಪರಿಭಾಷೆಯಾಗಿ ಅದು 16ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ದಾಟಿತು. ಕನ್ನಡದ ‘ಸೀಮೆ’ ಎಂಬ ಮಾತು ಎಲ್ಲೆಯನ್ನೂ ಎಲ್ಲೆಯೊಳಗಣ ನಾಡನ್ನೂ ಒಟ್ಟಿಗೆ ಸೂಚಿಸುವಂತೆ, ಆ ಪದದಲ್ಲಿಯೂ ನೆಲ ಮತ್ತು ಅದರ ಜನ ಬೇರೆಬೇರೆಯಾಗಿರಲಿಲ್ಲ.

ಪ್ರಾಚೀನ ಗೋಡೆಗಳು

ಮನುಷ್ಯರಿಲ್ಲದ ಭೂದೃಶ್ಯಕ್ಕೆ ಬಹು ಪ್ರಾಚೀನವಾದ ಉದಾಹರಣೆ ಗ್ರೀಸಿನ ಥೇರಾ ದ್ವೀಪದ ಅಕ್ರೋತಿರಿಯಲ್ಲಿ ದೊರೆತಿದೆ. ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನ ಆ ಭಿತ್ತಿಚಿತ್ರದಲ್ಲಿ ಕೆಂಪು, ಹಳದಿ, ನೀಲಿ ಬಣ್ಣದ ಬಂಡೆಗಳ ಮೇಲೆ ನೈದಿಲೆಯಂತಹ ಹೂಗಳು ಅರಳಿವೆ, ಹಕ್ಕಿಗಳು ಹಾರಾಡುತ್ತಿವೆ. ಜ್ವಾಲಾಮುಖಿಯ ಬೂದಿ ಊರನ್ನೇ ಮುಚ್ಚಿದ್ದರಿಂದ ಅದು ಉಳಿಯಿತು. ರೋಮಿನ ಸಮೀಪ ಪ್ರೀಮಾ ಪೋರ್ತಾದಲ್ಲಿದ್ದ ಸಾಮ್ರಾಜ್ಞಿ ಲಿವಿಯಾಳ ಭವನದ ಒಂದು ಕೋಣೆಯ ನಾಲ್ಕು ಗೋಡೆಗಳಲ್ಲೂ ಹಣ್ಣಿನ ಮರಗಳ ತೋಟವನ್ನು ಬರೆಯಲಾಗಿತ್ತು. ಅದು ಕ್ರಿಸ್ತಪೂರ್ವ ಮೊದಲ ಶತಮಾನದ ಕೊನೆಯ ದಶಕಗಳ ಕೃತಿ. ಆದರೆ ರೋಮಿನ ಸಾಮ್ರಾಜ್ಯ ಕುಸಿದ ಮೇಲೆ ಯುರೋಪಿನಲ್ಲಿ ಈ ಪರಂಪರೆ ಕ್ಷೀಣಿಸಿತು. ಮಧ್ಯಯುಗದ ಧಾರ್ಮಿಕ ಚಿತ್ರಗಳಲ್ಲಿ ಬೆಟ್ಟವೊಂದು, ಮರವೊಂದು ಸಂಕೇತದಂತೆ ನಿಂತವೇ ಹೊರತು ವಿಷಯವಾಗಲಿಲ್ಲ.

ಚೀನಾ: ಬೆಟ್ಟ ಮತ್ತು ನೀರು

ಭೂದೃಶ್ಯಕ್ಕೆ ಮೊದಲು ಅಗ್ರಪೀಠ ಸಂದದ್ದು ಚೀನಾದಲ್ಲಿ. ಅಲ್ಲಿ ಈ ಪ್ರಕಾರದ ಹೆಸರೇ ‘ಶಾನ್‌ಶುಯಿ’, ಅಂದರೆ ಬೆಟ್ಟ-ನೀರು. 4–5ನೆಯ ಶತಮಾನದಲ್ಲಿದ್ದ ಜೋಂಗ್ ಬಿಂಗ್ ಎಂಬ ಪಂಡಿತ ಭೂದೃಶ್ಯ ಚಿತ್ರದ ಬಗ್ಗೆ ಪ್ರಬಂಧ ಬರೆದನು. ವೃದ್ಧಾಪ್ಯದಲ್ಲಿ ಪರ್ವತಯಾತ್ರೆ ಸಾಧ್ಯವಾಗದಾದಾಗ, ತಾನು ಅಲೆದ ಬೆಟ್ಟಗಳನ್ನು ಮನೆಯ ಗೋಡೆಗಳ ಮೇಲೆ ಬರೆದು ಮಲಗಿದಲ್ಲಿಂದಲೇ ಅವುಗಳಲ್ಲಿ ಸಂಚರಿಸಿದನೆಂದು ಅವನ ಜೀವನವೃತ್ತಾಂತ ಹೇಳುತ್ತದೆ.

ಸೊಂಗ್ ರಾಜವಂಶದ ಕಾಲದಲ್ಲಿ ಈ ಕಲೆ ಶಿಖರಕ್ಕೇರಿತು. 1000ದ ಆಸುಪಾಸಿನ ಫಾನ್ ಕುವಾನನ ‘ಬೆಟ್ಟ-ತೊರೆಗಳ ನಡುವಣ ಪಯಣಿಗರು’ ಎಂಬ ಚಿತ್ರ ಎರಡು ಮೀಟರಿಗೂ ಮಿಕ್ಕಿ ಎತ್ತರವಾಗಿದೆ. ಅದರ ಬಹುಪಾಲನ್ನು ಒಂದೇ ಬೃಹತ್ ಶಿಲಾಪರ್ವತ ಆವರಿಸಿದೆ. ಬುಡದಲ್ಲಿ ಹೇಸರಗತ್ತೆಗಳ ಸಾಲು ಇರುವೆಗಳಂತೆ ಸಾಗುತ್ತಿದೆ. 1072ರಲ್ಲಿ ‘ಮುಂಗಡ ವಸಂತ’ವನ್ನು ರಚಿಸಿದ ಗುವೊ ಶಿ ‘ಮೂರು ದೂರ’ಗಳ ಸೂತ್ರವನ್ನು ವಿವರಿಸಿದನು. ಬುಡದಿಂದ ಶಿಖರವನ್ನು ತಲೆಯೆತ್ತಿ ನೋಡುವುದು, ಮುಂದಿನ ಬೆಟ್ಟದಾಚೆಗೆ ಆಳವಾಗಿ ನೋಡುವುದು, ಹತ್ತಿರದಿಂದ ದೂರಕ್ಕೆ ಸಮತಲವಾಗಿ ನೋಡುವುದು. ಒಂದೇ ಚಿತ್ರದಲ್ಲಿ ಮೂರೂ ನೋಟಗಳು ಕೂಡಬಹುದು. ನೋಡುವವನು ಒಂದೆಡೆ ನಿಂತಿರಬೇಕೆಂಬ ನಿಯಮ ಅಲ್ಲಿಲ್ಲ. ಅವನು ಚಿತ್ರದೊಳಗೆ ನಡೆಯುತ್ತಾನೆ.

ಯುರೋಪು: ಕಿಟಕಿಯಿಂದ ಹೊಲಕ್ಕೆ

ಇಟಲಿಯ ಸಿಯೆನಾ ನಗರದ ಸಭಾಭವನದಲ್ಲಿ ಅಂಬ್ರೋಜಿಯೊ ಲೊರೆನ್ಜೆತ್ತಿ 1338–39ರಲ್ಲಿ ಬರೆದ ಭಿತ್ತಿಚಿತ್ರ ಈ ಇತಿಹಾಸದ ಒಂದು ಮಹತ್ವದ ತಿರುವು. ಒಳ್ಳೆಯ ಆಡಳಿತದಿಂದ ಹಳ್ಳಿಗಾಡಿಗೆ ಆಗುವ ಫಲವೇನು ಎಂಬುದು ಅದರ ವಿಷಯ. ಗದ್ದೆ, ದ್ರಾಕ್ಷಿತೋಟ, ಸೇತುವೆ, ದಾರಿಯಲ್ಲಿ ಸರಕು ಹೊತ್ತ ಪ್ರಾಣಿಗಳು ಅಲ್ಲಿವೆ. ಅದೇ ಕೋಣೆಯ ಇನ್ನೊಂದು ಗೋಡೆಯಲ್ಲಿ ದುರಾಡಳಿತದ ಫಲವಾಗಿ ಪಾಳುಬಿದ್ದ ನೆಲವಿದೆ. ಆಳುವವರು ಸಭೆ ಸೇರುವ ಕೋಣೆಯಲ್ಲಿ ನಾಡಿನ ಹೊಲಗಳೇ ಸಾಕ್ಷಿ ನಿಂತಂತಾಯಿತು.

ಮುಂದೆ ನೆದರ್‌ಲ್ಯಾಂಡ್ಸ್ ಪ್ರಾಂತದ ಯೋಆಖಿಮ್ ಪಾಟಿನೀರನ ಚಿತ್ರಗಳಲ್ಲಿ ಸಂತರ ಆಕೃತಿಗಳು ಚಿಕ್ಕದಾಗುತ್ತ ಹೋಗಿ ಬೆಟ್ಟ-ಕಣಿವೆಗಳು ವಿಶಾಲವಾದವು. ಜರ್ಮನಿಯ ಆಲ್ಬ್ರೆಖ್ಟ್ ಆಲ್ಟ್‌ಡಾರ್ಫರ್ 1520ರ ದಶಕದ ವೇಳೆಗೆ ಕಥೆಯೇ ಇಲ್ಲದ ಭೂದೃಶ್ಯಗಳನ್ನು ಬರೆದನು. 1565ರಲ್ಲಿ ಪೀಟರ್ ಬ್ರೂಗೆಲ್ ಋತುಮಾನಗಳ ಚಿತ್ರಮಾಲೆಯನ್ನು ರಚಿಸಿದನು. ಅವುಗಳಲ್ಲಿ ಐದು ಉಳಿದಿವೆ. ಹಿಮದಲ್ಲಿ ಮನೆಗೆ ಮರಳುವ ಬೇಟೆಗಾರರ ಪ್ರಸಿದ್ಧ ಚಿತ್ರ ಆ ಮಾಲೆಯದು.

17ನೆಯ ಶತಮಾನದ ಡಚ್ ಗಣರಾಜ್ಯದಲ್ಲಿ ಭೂದೃಶ್ಯ ಜನಸಾಮಾನ್ಯರ ಮನೆಯ ಗೋಡೆಗೇರಿತು. ಸ್ಪೇನಿನ ಪ್ರಭುತ್ವದ ವಿರುದ್ಧ ದೀರ್ಘಕಾಲ ಹೋರಾಡಿ 1648ರಲ್ಲಿ ಮಾನ್ಯತೆ ಪಡೆದ ಆ ನಾಡು ತನ್ನ ನೆಲದ ಗಣನೀಯ ಭಾಗವನ್ನು ಕಟ್ಟೆ ಕಟ್ಟಿ, ನೀರು ಬಸಿದು, ಜಲದಿಂದ ಪಡೆದಿತ್ತು. ಚರ್ಚು ಮತ್ತು ಅರಮನೆಯ ಆಶ್ರಯಕ್ಕಿಂತ ಮಾರುಕಟ್ಟೆಯನ್ನು ನಂಬಿದ ಚಿತ್ರಕಾರರು ಆ ತಗ್ಗು ನೆಲವನ್ನೇ ಬರೆದರು. ಯಾಕೊಬ್ ವಾನ್ ರೌಸ್ಡಾಲನ ಹಾರ್ಲೆಮ್ ನೋಟಗಳಲ್ಲಿ ದಿಗಂತರೇಖೆ ಕೆಳಗಿದೆ, ಆಕಾಶ ಚಿತ್ರದ ಬಹುಭಾಗವನ್ನು ಆಕ್ರಮಿಸಿದೆ. ಮೋಡದ ನೆರಳಿನ ನಡುವೆ ಬಿಸಿಲು ಬಿದ್ದ ಜಾಗದಲ್ಲಿ ನಾರುಬಟ್ಟೆಗಳನ್ನು ಬಿಳುಪಿಗೆ ಹಾಸಲಾಗಿದೆ. ದುಡಿಮೆಯ ನೆಲವೂ ಚಿತ್ರಾರ್ಹವೆಂಬುದು ಆ ಜನರ ನಿಲುವು.

ವಿದ್ವತ್ ವಲಯ ಮಾತ್ರ ಇದನ್ನು ಬೇಗ ಒಪ್ಪಲಿಲ್ಲ. ಫ್ರಾನ್ಸಿನ ಆಂದ್ರೆ ಫೆಲಿಬಿಯಾನ್ 1667ರಲ್ಲಿ ಚಿತ್ರಪ್ರಕಾರಗಳ ಶ್ರೇಣಿಯನ್ನು ನಿರೂಪಿಸಿದಾಗ ಇತಿಹಾಸ-ಪುರಾಣಗಳ ಚಿತ್ರಕ್ಕೆ ಅಗ್ರಸ್ಥಾನ ದೊರೆಯಿತು. ಭೂದೃಶ್ಯಕ್ಕೆ ಹಣ್ಣು, ಹೂ, ಚಿಪ್ಪುಗಳ ಚಿತ್ರಕ್ಕಿಂತ ಒಂದೇ ಮೆಟ್ಟಿಲು ಮೇಲಿನ ಸ್ಥಾನ. ರೋಮಿನಲ್ಲಿ ನೆಲೆಸಿದ್ದ ಕ್ಲೋದ್ ಲೊರೇನನ ಹೊಂಬೆಳಕಿನ ದೃಶ್ಯಗಳು ಪುರಾಣದ ಪಾತ್ರಗಳ ನೆರವಿನಿಂದ ಗೌರವ ಗಳಿಸಿದವು. ಫ್ರೆಂಚ್ ಅಕಾಡೆಮಿಯ ಪ್ರತಿಷ್ಠಿತ ರೋಮ್ ಪ್ರಶಸ್ತಿಯಲ್ಲಿ ಭೂದೃಶ್ಯಕ್ಕೆ ಸ್ಥಾನ ದೊರೆತದ್ದು 1817ರಲ್ಲಿ. ಅದೂ ‘ಐತಿಹಾಸಿಕ ಭೂದೃಶ್ಯ’ವೆಂಬ ಹೆಸರಿನಲ್ಲಿ.

ಆ ವೇಳೆಗೆ ಇಂಗ್ಲೆಂಡಿನಲ್ಲಿ ಜಾನ್ ಕಾನ್‌ಸ್ಟೇಬಲ್ ತಾನು ಹುಟ್ಟಿ ಬೆಳೆದ ಸ್ಟೋರ್ ನದಿಯ ದಂಡೆಯನ್ನು ಬರೆಯುತ್ತಿದ್ದನು. 1821ರ ‘ದಿ ಹೇ ವೇಯ್ನ್’ ಚಿತ್ರದ ತಾಣ ಅವನ ತಂದೆಯ ಗಿರಣಿಯ ಬಳಿಯದು. ಆ ನದಿ ಸಫೋಕ್ ಮತ್ತು ಎಸೆಕ್ಸ್ ಸೀಮೆಗಳ ಗಡಿ; ಬಂಡಿ ನಿಂತಿರುವುದು ಆ ಗಡಿಯ ನೀರಿನಲ್ಲಿಯೇ. ಆದರೂ ಚಿತ್ರದಲ್ಲಿ ಎರಡು ದಂಡೆಗಳೂ ಒಂದೇ ಬೆಳಕಿನಲ್ಲಿವೆ. 1824ರ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಸಂದಿತು. ಟರ್ನರ್ 1844ರಲ್ಲಿ ಮಳೆ, ಆವಿ, ವೇಗಗಳ ನಡುವೆ ನುಗ್ಗುವ ರೈಲನ್ನು ಬರೆದು ಹೊಸ ಯುಗವನ್ನೂ ಭೂದೃಶ್ಯದೊಳಗೆ ತಂದನು.

1841ರಲ್ಲಿ ಅಮೆರಿಕದ ಜಾನ್ ರ‍್ಯಾಂಡ್ ಬಣ್ಣ ತುಂಬುವ ತವರದ ಕೊಳವೆಗೆ ಪೇಟೆಂಟ್ ಪಡೆದನು. ಬಣ್ಣ ಒಣಗದಂತೆ ಹೊರಗೊಯ್ಯುವುದು ಸುಲಭವಾಯಿತು; ಬಯಲಿನಲ್ಲಿಯೇ ನಿಂತು ತೈಲಚಿತ್ರ ಮುಗಿಸುವ ಪದ್ಧತಿ ಹರಡಿತು. ಕ್ಲೋದ್ ಮೊನೆ ಬಂದರಿನ ಬೆಳಗನ್ನು ಬರೆದ ಚಿತ್ರ 1874ರಲ್ಲಿ ಪ್ರದರ್ಶನಗೊಂಡಾಗ, ಅದರ ಶೀರ್ಷಿಕೆಯನ್ನು ಹಿಡಿದು ವಿಮರ್ಶಕನೊಬ್ಬ ಮಾಡಿದ ಕುಹಕದಿಂದಲೇ ‘ಇಂಪ್ರೆಷನಿಸಂ’ ಪಂಥಕ್ಕೆ ಹೆಸರು ಬಂದಿತು. ಮೊನೆ ಮತ್ತು ಅವನ ಸಮಕಾಲೀನರನ್ನು ಗಾಢವಾಗಿ ಪ್ರಭಾವಿಸಿದವರಲ್ಲಿ ಜಪಾನಿನ ಮುದ್ರಣಕಾರರೂ ಇದ್ದರು. 1830ರ ದಶಕದ ಆರಂಭದಿಂದ ಬೆಳಕು ಕಂಡ ಹೊಕುಸಾಯನ ‘ಫುಜಿ ಪರ್ವತದ ಮೂವತ್ತಾರು ನೋಟಗಳು’ ಮಾಲೆಯಲ್ಲಿ ವಾಸ್ತವವಾಗಿ 46 ಚಿತ್ರಗಳಿವೆ.

ಭಾರತ: ವರ್ಣನೆಯಿಂದ ‘ವ್ಯೂ’ಗಳವರೆಗೆ

ಭಾರತದಲ್ಲಿ ನಿಸರ್ಗದ ನೋಟ ಕಾವ್ಯದೊಡನೆ ಬೆಸೆದುಕೊಂಡಿತ್ತು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಭಾಗ ಋತುಗಳನ್ನೂ ಹಗಲು-ರಾತ್ರಿಗಳನ್ನೂ ಚಿತ್ರದಲ್ಲಿ ಹೇಗೆ ಸೂಚಿಸಬೇಕೆಂದು ತಿಳಿಸುತ್ತದೆ. ಮಹಾಕಾವ್ಯದಲ್ಲಿ ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ, ಸೂರ್ಯೋದಯಗಳ ವರ್ಣನೆಯಿರಬೇಕೆಂಬ ಲಕ್ಷಣ ಕನ್ನಡ ಕವಿಗಳಿಗೆ ‘ಅಷ್ಟಾದಶ ವರ್ಣನೆ’ಯೆಂದು ಪರಿಚಿತ. ರಾಜಸ್ಥಾನ ಮತ್ತು ಪಹಾಡಿ ಶೈಲಿಗಳ ಬಾರಹಮಾಸಾ ಚಿತ್ರಗಳು ಹನ್ನೆರಡು ತಿಂಗಳ ನಿಸರ್ಗವನ್ನು ತೋರಿದವು. ಆದರೂ ಅವುಗಳ ಹೃದಯದಲ್ಲಿದ್ದದ್ದು ನಾಯಕ-ನಾಯಿಕೆಯರ ಭಾವ.

ನಿರ್ದಿಷ್ಟ ಸ್ಥಳವೊಂದರ ಯಥಾವತ್ ನೋಟವನ್ನು ಬರೆದು ಮುದ್ರಿಸುವ ಪದ್ಧತಿ ಯುರೋಪಿಯನ್ನರೊಡನೆ ಬಂದಿತು. ವಿಲಿಯಂ ಹಾಡ್ಜಸ್ 1780ರಲ್ಲಿ ಭಾರತಕ್ಕೆ ಬಂದನು. ಅವನ ಬೆನ್ನಿಗೆ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಡೇನಿಯಲ್ ಬಂದರು. 1795–1808ರ ಅವಧಿಯಲ್ಲಿ ಹೊರಬಂದ ಅವರ ‘ಓರಿಯೆಂಟಲ್ ಸೀನರಿ’ ಮಾಲೆಯಲ್ಲಿ 144 ಮುದ್ರಿತ ಚಿತ್ರಗಳಿವೆ.

ಗಡಿನಾಡಿನ ಮೊದಲ ಮುದ್ರಿತ ನೋಟಗಳು

ಡೇನಿಯಲ್‌ರು ದಕ್ಷಿಣದ ಪ್ರವಾಸ ಕೈಗೊಂಡದ್ದು 1792ರಲ್ಲಿ, ಮೂರನೆಯ ಮೈಸೂರು ಯುದ್ಧ ಮುಗಿದ ಕೂಡಲೇ. ಅದೇ ವರ್ಷದ ಶ್ರೀರಂಗಪಟ್ಟಣ ಒಪ್ಪಂದದಿಂದ ಬಾರಾಮಹಲ್ ಪ್ರದೇಶ ಟಿಪ್ಪು ಸುಲ್ತಾನನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ‘ಓರಿಯೆಂಟಲ್ ಸೀನರಿ’ಯಲ್ಲಿ ರಾಯಕೋಟೆಯ ಗಿರಿದುರ್ಗವಿದೆ, ಹೊಸೂರಿನ ನೋಟವೂ ಇದೆ. ರಾಯಕೋಟೆಯ ಶೀರ್ಷಿಕೆ ಅದನ್ನು ಬಾರಾಮಹಲಿನದೆಂದು ಹೇಳಿದರೆ, ಹೊಸೂರಿನ ಶೀರ್ಷಿಕೆ ಅದನ್ನು ಮೈಸೂರಿನದೆಂದು ಗುರುತಿಸುತ್ತದೆ. ಇಂದು ಎರಡೂ ಊರುಗಳು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿವೆ. ಚಿತ್ರದ ಬೆಟ್ಟ ಅಲ್ಲಿಯೇ ಇದೆ. ಅದರ ಕೆಳಗಿನ ಬರಹ ಮಾತ್ರ ಮತ್ತೆ ಮತ್ತೆ ತಿದ್ದಿಸಿಕೊಂಡಿದೆ.

ಆ ಯುದ್ಧದ ಫಲವಾಗಿಯೇ ಸೇನೆಯೊಡನೆ ಬಂದ ರಾಬರ್ಟ್ ಹೋಮ್ ಬರೆದ ಮೈಸೂರಿನ ನೋಟಗಳು 1794ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಭೂಮಾಪಕನಾಗಿದ್ದ ಕೋಲ್‌ಬ್ರೂಕ್ 1793ರಲ್ಲಿ ಮೈಸೂರು ರಾಜ್ಯದ ಹನ್ನೆರಡು ನೋಟಗಳನ್ನು ಹೊರತಂದನು. ನೀಲಗಿರಿಯ ದೃಶ್ಯಗಳನ್ನು ಕ್ಯಾಪ್ಟನ್ ರಿಚರ್ಡ್ ಬ್ಯಾರನ್ 1837ರಲ್ಲಿ ಪ್ರಕಟಿಸಿದನು. ಈ ಕೃತಿಗಳ ಬೆಲೆ ಎರಡು ಬಗೆಯದು. ಈಗ ಅಳಿದುಹೋದ ಎಷ್ಟೋ ಸಂಗತಿಗಳಿಗೆ ಅವು ದಾಖಲೆ. ಜೊತೆಗೆ, ಅವು ಭೂಪಟ ಬರೆಯುವ ಕೈಯ, ಕೋಟೆಯ ಎತ್ತರವನ್ನು ಅಳೆಯುವ ಕಣ್ಣಿನ ಕೃತಿಗಳೂ ಹೌದು. ಅಲ್ಲಿ ಉತ್ತವರು, ಕೆರೆ ಕಟ್ಟಿದವರು ಬಹುಮಟ್ಟಿಗೆ ಹೆಸರಿಲ್ಲದ ಸಣ್ಣ ಆಕೃತಿಗಳು.

ಒಳಗಿನ ಕಣ್ಣು

ಇಪ್ಪತ್ತನೆಯ ಶತಮಾನದಲ್ಲಿ ಈ ನೆಲದವರೇ ಕುಂಚ ಹಿಡಿದರು. ಮೈಸೂರಿನ ಕೆ. ವೆಂಕಟಪ್ಪ (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಕಲಿತು ಬಂದವರು. ಊಟಿ ಮತ್ತು ಕೊಡೈಕನಾಲ್‌ಗಳಲ್ಲಿ ಅವರು ರಚಿಸಿದ ಜಲವರ್ಣಗಳಲ್ಲಿ ಮಂಜು, ಕಾರ್ಮೋಡ, ಬೆಟ್ಟದ ಇಳಿಬಿಸಿಲುಗಳೇ ವಿಷಯ. ಅದೇ ನೀಲಗಿರಿಯನ್ನು ಬ್ಯಾರನ್ ಹೊಸದಾಗಿ ಕಂಡ ಗಿರಿಧಾಮವೆಂಬಂತೆ ನೋಡಿದ್ದರೆ, ವೆಂಕಟಪ್ಪನವರು ಒಂದೇ ಜಾಗದ ಬೆಳಕು ಗಳಿಗೆಗಳಿಗೆಗೆ ಬದಲಾಗುವುದನ್ನು ತಾಳ್ಮೆಯಿಂದ ಕಾದು ನೋಡಿದರು. ಅವರ ಕೃತಿಗಳು ಬೆಂಗಳೂರಿನಲ್ಲಿ ಅವರ ಹೆಸರಿನ ಕಲಾಗ್ಯಾಲರಿಯಲ್ಲಿವೆ.

ದೊಡ್ಡಬಳ್ಳಾಪುರದಲ್ಲಿ ಜನಿಸಿದ ಸ್ವಾತಂತ್ರ್ಯ ಹೋರಾಟಗಾರ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಮರಗಳು, ಕೆರೆಗಳು, ಉದ್ಯಾನಗಳನ್ನು ಸ್ಥಳದಲ್ಲಿಯೇ ಕುಳಿತು ಬರೆದರು. ಅವರು ಬರೆದ ನಗರದ ಬಹುಭಾಗ ಇಂದು ಕಟ್ಟಡಗಳಡಿ ಮರೆಯಾಗಿದೆ. ಆಗ ಕೇವಲ ಚೆಲುವೆಂದು ಕಂಡ ಚಿತ್ರಗಳು ಈಗ ಸಾಕ್ಷ್ಯವಾಗಿವೆ.

ಪ್ರಸ್ತುತತೆ

ಕಾಸರಗೋಡಿನ ಮುರಕಲ್ಲಿನ ಗುಡ್ಡ ಮತ್ತು ನೀರಿನ ಸುರಂಗಗಳು, ತಾಳವಾಡಿಯ ಕಾಡಂಚಿನ ಹೊಲಗಳು, ಸೊಲ್ಲಾಪುರ-ಅಕ್ಕಲಕೋಟೆಯ ಎರೆಬಯಲು, ರಾಯದುರ್ಗದ ಬಂಡೆಗುಡ್ಡಗಳು ಯಾವ ಕಣ್ಣಿಗೂ ಕಡಿಮೆಯವಲ್ಲ. ಹೊರಗಿನವರು ಬರೆದ ನೋಟಗಳು ಉಳಿದದ್ದು ಅವುಗಳಿಗೆ ಶೀರ್ಷಿಕೆ, ವರ್ಷ, ಮುದ್ರಣ, ಸಂಗ್ರಹಾಲಯ ಎಲ್ಲವೂ ಇದ್ದುದರಿಂದ. ಒಳಗಿನವರ ಚಿತ್ರಗಳು ಬಹುಮಟ್ಟಿಗೆ ಮನೆಗಳ, ಶಾಲೆಗಳ ಗೋಡೆಗಳಲ್ಲಿಯೇ ಮಾಸುತ್ತವೆ. ಊರಿನ ಕೆರೆಯನ್ನೋ ಗುಡ್ಡವನ್ನೋ ಬರೆಯುವ ಕಲಾವಿದರು, ಬರೆಯಿಸುವ ಶಿಕ್ಷಕರು ಚಿತ್ರದ ಹಿಂಬದಿಯಲ್ಲಿ ಆ ಸ್ಥಳಕ್ಕೆ ಊರವರು ಕರೆಯುವ ಹೆಸರನ್ನು ಕನ್ನಡದಲ್ಲಿ ಬರೆದು, ತಿಂಗಳು, ವರ್ಷ ಮತ್ತು ನಿಂತು ನೋಡಿದ ಜಾಗವನ್ನು ನಮೂದಿಸಿದರೆ ಆ ಹಾಳೆ ಚಿತ್ರವೂ ದಾಖಲೆಯೂ ಆಗುತ್ತದೆ. ಇನ್ನೂರು ವರ್ಷಗಳ ಹಿಂದೆ ಹೊಸೂರಿನ ಹೆಸರನ್ನು ಪರಭಾಷೆಯ ಕಿವಿ ಕೇಳಿದಂತೆ ಬರೆದುಕೊಂಡಿತು. ಮುಂದಿನವರಿಗೆ ನಮ್ಮ ಕೈಬರಹದಲ್ಲಿಯೂ ಅದು ಸಿಗಬೇಕು.