ಏರ್ ಫಿಲ್ಟರ್ ತೆಗೆದು, ಸೈಲೆನ್ಸರ್ ಬದಲಿಸಿದರೆ ಕಾರಿನ ಮೈಲೇಜ್ ಹೆಚ್ಚುತ್ತದೆಯೇ?

ಸಾರಾಂಶ

ಏರ್ ಫಿಲ್ಟರ್ ತೆಗೆದುಹಾಕಿ, ದೊಡ್ಡ ಪೈಪಿನ ಸೈಲೆನ್ಸರ್ ಹಾಕಿಸಿದರೆ ಇಂಜಿನ್ ಸಲೀಸಾಗಿ ಉಸಿರಾಡುತ್ತದೆ, ಮೈಲೇಜ್ ಮತ್ತು ಪಿಕಪ್ ಎರಡೂ ಹೆಚ್ಚುತ್ತವೆ ಎಂಬ ಮೆಸೇಜುಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಈಗಿನ ಪೆಟ್ರೋಲ್ ಕಾರುಗಳ ಮಟ್ಟಿಗೆ ಇದು ಎಷ್ಟು ನಿಜ ಎಂದು ನಾವು ಪರಿಶೀಲಿಸಿದೆವು. ಮೈಲೇಜಿನ ಮಾತು ತಪ್ಪು. ಪಿಕಪ್ಪಿನ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಅದಕ್ಕೆ ಫಿಲ್ಟರ್ ತೆಗೆಯಬೇಕಿಲ್ಲ.

ಇಂಜಿನ್‌ಗೆ ಎಷ್ಟು ಗಾಳಿ ಬೇಕು?

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ! 1.2 ಲೀಟರ್ ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ, ಆಕ್ಸಿಲರೇಟರ್ ಪೂರ್ತಿ ಒತ್ತಿದ್ದರೆ, ನಿಮಿಷಕ್ಕೆ ಸುಮಾರು 1,800 ಲೀಟರ್ ಗಾಳಿ ಎಳೆದುಕೊಳ್ಳಬಲ್ಲದು. ಅಷ್ಟೇ ವೇಗದಲ್ಲಿ ಹೊಗೆ ಹೊರಗೂ ಹೋಗಬೇಕು. ಹಾಗಾಗಿ ಗಾಳಿಯ ದಾರಿ ಮುಖ್ಯ ಎಂಬುದು ನಿಜ. ತಪ್ಪಾಗುವುದು ಅದರ ಮುಂದಿನ ಲೆಕ್ಕದಲ್ಲಿ.

ಫಿಲ್ಟರ್ ತೆಗೆದರೆ ಮೈಲೇಜ್ ಏಕೆ ಹೆಚ್ಚುವುದಿಲ್ಲ?

ಕಾರಿನ ಕಂಪ್ಯೂಟರ್ ಒಳಗೆ ಬಂದ ಗಾಳಿಯನ್ನು ಸೆನ್ಸರ್ ಮೂಲಕ ಅಳೆದು, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಗಾಳಿ ಹೆಚ್ಚು ಬಂದರೆ ಪೆಟ್ರೋಲೂ ಹೆಚ್ಚು ಹೋಗುತ್ತದೆ. ಅದರಿಂದ ಶಕ್ತಿ ಹೆಚ್ಚಬಹುದು, ಉಳಿತಾಯ ಆಗದು.

ಇನ್ನೊಂದು ವಿಷಯ. ಊರೊಳಗೆ ಓಡಿಸುವಾಗ ನಾವು ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿರುತ್ತೇವೆ. ಆಗ ಥ್ರಾಟಲ್ ಎಂಬ ಬಾಗಿಲು ಅರೆಬರೆ ಮುಚ್ಚಿದ್ದು, ಗಾಳಿಯನ್ನು ಅದೇ ತಡೆಯುತ್ತಿರುತ್ತದೆ. ಆ ದೊಡ್ಡ ತಡೆಯ ಮುಂದೆ ಫಿಲ್ಟರಿನ ತಡೆ ಲೆಕ್ಕಕ್ಕೇ ಬರುವುದಿಲ್ಲ.

ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಇದನ್ನೇ ತೋರಿಸಿತು. ಫ್ಯುಯೆಲ್ ಇಂಜೆಕ್ಷನ್ ಇರುವ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರ್ ತೆಗೆದು ಹೊಸದು ಹಾಕಿದರೂ ಮೈಲೇಜ್ ಗಮನಾರ್ಹವಾಗಿ ಬದಲಾಗಲಿಲ್ಲ. ಪಿಕಪ್ ಮಾತ್ರ 6ರಿಂದ 11% ಸುಧಾರಿಸಿತು. ಹಳೆಯ ಕಾರ್ಬ್ಯುರೇಟರ್ ಕಾರುಗಳಲ್ಲಿ ಮೈಲೇಜ್ ಕೂಡ ಸುಧಾರಿಸುತ್ತಿತ್ತು. ಆ ಕಾಲದ ಮಾತು ಇಂದಿಗೂ ಫಾರ್ವರ್ಡ್ ಆಗುತ್ತಿದೆ.

ಕೊಳೆತುಂಬಿದ ಫಿಲ್ಟರ್ ಇದ್ದಾಗಲೇ ಮೈಲೇಜ್ ಇಳಿಯದಿದ್ದರೆ, ಸ್ವಚ್ಛ ಫಿಲ್ಟರ್ ತೆಗೆದು ಗಳಿಸುವುದೇನು? ಕಳೆದುಕೊಳ್ಳುವುದು ಮಾತ್ರ ಖಚಿತ. ರಸ್ತೆಯ ದೂಳಿನ ಗಟ್ಟಿ ಕಣಗಳು ಸಿಲಿಂಡರಿನ ಗೋಡೆಯನ್ನೂ ಪಿಸ್ಟನ್ ರಿಂಗುಗಳನ್ನೂ ಮರಳುಕಾಗದದಂತೆ ಉಜ್ಜುತ್ತವೆ. ರಿಂಗ್ ಸವೆದ ಇಂಜಿನ್ ಆಯಿಲ್ ಕುಡಿಯತೊಡಗುತ್ತದೆ.

ಗಾಳಿ ಎಳೆಯುವ ಬಾಯಿ ಮುಂದೆ, ಮೇಲೆ ಏಕಿದೆ?

ಗಾಳಿ ಪ್ರತಿ 10 ಡಿಗ್ರಿ ಬಿಸಿಯಾದಂತೆ ಸುಮಾರು 3% ತೆಳುವಾಗುತ್ತದೆ. ಹೊರಗೆ 30 ಡಿಗ್ರಿ, ಬಾನೆಟ್ ಒಳಗೆ 60 ಡಿಗ್ರಿ ಇದ್ದರೆ, ಒಳಗಿನ ಗಾಳಿಯಲ್ಲಿ ಆಮ್ಲಜನಕ ಸುಮಾರು 9% ಕಡಿಮೆ ಸಿಗುತ್ತದೆ. ಅದಕ್ಕೇ ಬಹಳಷ್ಟು ಕಾರುಗಳಲ್ಲಿ ಗಾಳಿಯ ಬಾಯಿ ಗ್ರಿಲ್ ಅಥವಾ ಹೆಡ್‌ಲೈಟ್ ಹತ್ತಿರ, ಹೊರಗಿನ ತಂಪು ಗಾಳಿ ಸಿಗುವಲ್ಲಿ ಇರುತ್ತದೆ. ಡಬ್ಬ ಕಿತ್ತುಹಾಕಿ ಬಾನೆಟ್ ಒಳಗೆ ಬಯಲು ಫಿಲ್ಟರ್ ಹಾಕಿಸಿದರೆ, ಇಂಜಿನ್ ತನ್ನದೇ ಬಿಸಿ ಗಾಳಿಯನ್ನು ಕುಡಿಯುತ್ತದೆ. ಶಕ್ತಿ ಹೆಚ್ಚುವ ಬದಲು ಇಳಿಯಲೂಬಹುದು.

ಫಿಲ್ಟರನ್ನು ಬಂಪರಿನ ಕೆಳಗೆ ಇಳಿಸಿದರೆ ಮಳೆಗಾಲದಲ್ಲಿ ಅಪಾಯ. ನಿಂತ ನೀರು ಅಲ್ಲಿಂದ ಸಿಲಿಂಡರಿಗೆ ನುಗ್ಗಿದರೆ, ನೀರು ಗಾಳಿಯಂತೆ ಕುಗ್ಗದ ಕಾರಣ ಕನೆಕ್ಟಿಂಗ್ ರಾಡ್ ಬಾಗಬಹುದು.

ಬಾನೆಟ್ ಮೇಲೆ ಸ್ಕೂಪ್ ಕೂರಿಸಿದರೆ ಗಾಳಿ ಟರ್ಬೊದಂತೆ ನುಗ್ಗುತ್ತದೆ ಎಂಬುದೂ ಉತ್ಪ್ರೇಕ್ಷೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಗಾಳಿಯಿಂದ ಸಿಗುವ ಹೆಚ್ಚುವರಿ ಒತ್ತಡ ವಾತಾವರಣದ ಒತ್ತಡದ 0.5% ಕೂಡ ಆಗದು.

ಸೈಲೆನ್ಸರ್ ಪೈಪ್ ದೊಡ್ಡದಾದಷ್ಟೂ ಒಳ್ಳೆಯದೇ?

ಅಲ್ಲ. ಹೊಗೆ ನಲ್ಲಿ ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ. ಒಂದೊಂದು ವಾಲ್ವ್ ತೆರೆದಾಗಲೂ ಬಿಟ್ಟುಬಿಟ್ಟು ಚಿಮ್ಮುತ್ತದೆ. ಹೀಗೆ ಚಿಮ್ಮಿದ ಪ್ರತಿ ಹೊಗೆಯ ಹಿಂದೆ ಕಡಿಮೆ ಒತ್ತಡದ ಅಲೆ ಉಂಟಾಗುತ್ತದೆ. ಪೈಪಿನ ಉದ್ದ, ಅಗಲ ಸರಿಯಾಗಿದ್ದರೆ ಈ ಅಲೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೊರಗೆಳೆದು, ಹೊಸ ಗಾಳಿ ಬರಲು ನೆರವಾಗುತ್ತದೆ. ಪೈಪ್ ತೀರಾ ಕಿರಿದಾದರೆ ಹೆಚ್ಚಿನ ವೇಗದಲ್ಲಿ ಹೊಗೆ ಸಿಕ್ಕಿಕೊಳ್ಳುತ್ತದೆ. ತೀರಾ ಅಗಲವಾದರೆ ಹೊಗೆಯ ವೇಗ ಕುಸಿದು ಅಲೆ ದುರ್ಬಲವಾಗುತ್ತದೆ, ಕಡಿಮೆ ವೇಗದಲ್ಲಿ ಎಳೆತ ತಗ್ಗುತ್ತದೆ. ಟ್ರಾಫಿಕ್‌ನಲ್ಲಿ ನಮಗೆ ಬೇಕಿರುವುದು ಆ ಎಳೆತವೇ.

‘ಇಂಜಿನ್‌ಗೆ ಬ್ಯಾಕ್ ಪ್ರೆಶರ್ ಇರಲೇಬೇಕು’ ಎಂಬ ಮಾತೂ ಸರಿಯಲ್ಲ. ಹೊಗೆಗೆ ತಡೆ ಬೇಕಿಲ್ಲ; ಬೇಕಿರುವುದು ಸರಿಯಾದ ವೇಗ. ಇನ್ನು ಸೈಲೆನ್ಸರಿನ ಕೊನೆಯ ಡಬ್ಬವನ್ನಷ್ಟೇ ಬದಲಿಸಿದರೆ ಹೆಚ್ಚುವುದು ಬಹುತೇಕ ಸದ್ದು ಮಾತ್ರ. ಸದ್ದು ಜೋರಾಯಿತೆಂದು ಕಾರು ಜೋರಾಗುವುದಿಲ್ಲ.

ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿದರೆ?

ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಆಕ್ಸೈಡ್, ಉರಿಯದೆ ಉಳಿದ ಇಂಧನದ ಆವಿಗಳನ್ನು ಕಡಿಮೆ ಅಪಾಯದ ಅನಿಲಗಳಾಗಿ ಬದಲಿಸುವ ಭಾಗ ಇದು. ಇದನ್ನು ತೆಗೆದರೆ ಆ ವಿಷ ನೇರವಾಗಿ ರಸ್ತೆಗೆ, ಹಿಂದೆ ಬರುವ ಬೈಕ್ ಸವಾರರ ಮೂಗಿಗೆ. ಪೈಪನ್ನು ಕತ್ತರಿಸಿ ಸರಿಯಾಗಿ ಬೆಸುಗೆ ಹಾಕದಿದ್ದರೆ ಇನ್ನೊಂದು ತೊಂದರೆಯಿದೆ. ಆಕ್ಸಿಜನ್ ಸೆನ್ಸರಿಗೆ ಮೊದಲು ಹೊರಗಿನ ಗಾಳಿ ಸೇರಿಕೊಂಡರೆ, ಪೆಟ್ರೋಲ್ ಸಾಲುತ್ತಿಲ್ಲವೆಂದು ಕಂಪ್ಯೂಟರ್ ತಪ್ಪಾಗಿ ತಿಳಿದು ಇನ್ನಷ್ಟು ಪೆಟ್ರೋಲ್ ಬಿಡುತ್ತದೆ. ಮೈಲೇಜಿಗಾಗಿ ಮಾಡಿಸಿದ ಕೆಲಸವೇ ಮೈಲೇಜ್ ತಿನ್ನುತ್ತದೆ.

ಕಾನೂನೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಶಬ್ದ ಮತ್ತು ವಾಯುಮಾಲಿನ್ಯದ ಮಿತಿ ಮೀರಿದ ವಾಹನ ಓಡಿಸಿದರೆ 3 ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ನಿಜಕ್ಕೂ ಫಾರ್ವರ್ಡ್ ಮಾಡಬೇಕಾದ ಮಾತು

ಕಾರು ಮುಂದೆ ಸಾಗುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಸುಳಿ ಏಳುತ್ತದೆ. ಸೈಲೆನ್ಸರಿನ ಹೊಗೆ ಆ ಸುಳಿಗೆ ಸಿಕ್ಕಿ ಅಲ್ಲೇ ಸುತ್ತುತ್ತದೆ. ಉದ್ದನೆಯ ಸಾಮಾನು ಹೇರಿಕೊಂಡು ಡಿಕ್ಕಿ ತೆರೆದೇ ಓಡಿಸಿದರೆ, ಈ ಹೊಗೆ ಕಾರಿನೊಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದು ಪ್ರಜ್ಞೆಯೇ ತಪ್ಪಬಹುದು. ಆದ್ದರಿಂದ ಡಿಕ್ಕಿ ಮುಚ್ಚಿಯೇ ಓಡಿಸಿ. ಮುಚ್ಚಲಾಗದಷ್ಟು ಉದ್ದದ ಸಾಮಾನಿಗೆ ಗೂಡ್ಸ್ ಗಾಡಿ ಕರೆಯುವುದೇ ಕ್ಷೇಮ. ಅನಿವಾರ್ಯವಾದರೆ ಕಿಟಕಿಗಳನ್ನೂ ಮುಂದಿನ ಗಾಳಿಕಿಂಡಿಗಳನ್ನೂ ತೆರೆದಿಡಿ. ಸೈಲೆನ್ಸರ್ ತೂತಾಗಿದ್ದರೆ ತಡಮಾಡದೆ ರಿಪೇರಿ ಮಾಡಿಸಿ.

ನಮ್ಮ ತೀರ್ಮಾನ

ಫಿಲ್ಟರ್ ತೆಗೆದು, ಸೈಲೆನ್ಸರ್ ಬದಲಿಸಿದರೆ ಮೈಲೇಜ್ ಹೆಚ್ಚುತ್ತದೆ ಎಂಬುದು ತಪ್ಪು ಮಾಹಿತಿ. ಕಾರಿನ ಮ್ಯಾನ್ಯುಯಲ್ ಹೇಳಿದ ಅವಧಿಗೆ ಫಿಲ್ಟರ್ ಬದಲಿಸಿ. ದೂಳಿನ ರಸ್ತೆಯಲ್ಲೇ ಹೆಚ್ಚು ಓಡಾಡುವವರು ಇನ್ನೂ ಬೇಗ ಬದಲಿಸಿ. ಟೈರಿನ ಗಾಳಿ ಸರಿಯಾಗಿಟ್ಟುಕೊಂಡು, ಹದವಾಗಿ ಆಕ್ಸಿಲರೇಟರ್ ಒತ್ತಿದರೆ ಸಿಗುವ ಉಳಿತಾಯ ಯಾವ ಸೈಲೆನ್ಸರಿನಿಂದಲೂ ಸಿಗುವುದಿಲ್ಲ.